ಸೀಲು ಒಡೆಯದ ನಲವತ್ತು ಪೆಟ್ಟಿಗೆಗಳು

ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡ ಅಧ್ಯಕ್ಷರೇ, ಅನುದಾನದ ಕಡತಕ್ಕೆ ಸಹಿ ಹಾಕುವ ಮುಖ್ಯ ಅತಿಥಿಗಳೇ, ಊಟವಿದೆ ಎಂಬ ಭರವಸೆಯ ಮೇಲೆ ಬಂದಿರುವ ಸಭಿಕರೇ,

ನಮ್ಮ ಆಸ್ಪತ್ರೆಯ ಸ್ಟೋರ್ ಕೀಪರ್ ಆದ ನಾನು ಇಂದು ನಿವೃತ್ತನಾಗುತ್ತಿದ್ದೇನೆ. ವಿಷಾನಿಲ, ರೋಗಾಣು ಮುಂತಾದ ತುರ್ತುಸ್ಥಿತಿಗೆಂದು ಸರ್ಕಾರ ಕೊಟ್ಟ ಸಾಮಗ್ರಿಯನ್ನು ಹನ್ನೆರಡು ವರ್ಷ ಒಂದೂ ಕಳೆಯದಂತೆ ಕಾಪಾಡಿದೆನೆಂದು ಸನ್ಮಾನ ಪತ್ರ ಹೇಳುತ್ತದೆ. ನಿಜ. ಯಾರಿಂದ ಕಾಪಾಡಿದೆ? ಕಳ್ಳರಿಂದಲ್ಲ. ವೈದ್ಯರಿಂದ, ದಾದಿಯರಿಂದ, ರೋಗಿಗಳಿಂದ.

ವರ್ಷಕ್ಕೊಮ್ಮೆ ತಪಾಸಣೆಯವರು ಬಂದು ನಲವತ್ತು ಪೆಟ್ಟಿಗೆಗಳ ಸೀಲು ಎಣಿಸುತ್ತಿದ್ದರು. ಸೀಲು ನೆಟ್ಟಗಿದ್ದರೆ ಮುಂದಿನ ಅನುದಾನ. ಅದರಲ್ಲಿ ಏನು ಕೊಂಡೆವು? ಇನ್ನೂ ಗಟ್ಟಿಯಾದ ಬೀಗ. ಒಳಗಿನ, ವಿಷಾನಿಲ ತಡೆಯುವ ಮುಖವಾಡ ತೊಡುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಸೀಲು ಒಡೆಯದೆ ತರಬೇತಿಯಿಲ್ಲ, ತರಬೇತಿಯಿಲ್ಲದವರು ಸೀಲು ಒಡೆಯುವಂತಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ನಾಲ್ಕು ವರ್ಷದ ಹಿಂದೆ ನೀರು ಶುದ್ಧೀಕರಣ ಘಟಕದಲ್ಲಿ ಕ್ಲೋರಿನ್ ಸೋರಿತು. ಆಂಬುಲೆನ್ಸ್ ಹತ್ತುವ ಮೊದಲು ಹಿರಿಯ ದಾದಿಯೊಬ್ಬಳು ಓಡಿಬಂದು ಮುಖವಾಡ ಕೇಳಿದಳು. ನಾನು ಅಧೀಕ್ಷಕರ ಸಹಿ ಕೇಳಿದೆ. ಅಧೀಕ್ಷಕರು ಎಲ್ಲಿದ್ದರು? ತುರ್ತುಸ್ಥಿತಿಗೆ ಸನ್ನದ್ಧರಾಗುವುದು ಹೇಗೆಂಬ ವಿಚಾರಸಂಕಿರಣದಲ್ಲಿ, ಫೋನು ಆಫ್ ಮಾಡಿಕೊಂಡು. ಅವಳು ವಾದಿಸುತ್ತ ನಿಲ್ಲಲಿಲ್ಲ. ಒದ್ದೆ ಟವೆಲ್ಲು ಮುಖಕ್ಕೆ ಕಟ್ಟಿಕೊಂಡು ಹೋಗಿ ಆರು ಜನರನ್ನು ಹೊರಗೆಳೆದಳು.

ಆ ದಾದಿ ನನ್ನ ಹೆಂಡತಿ. ಮೂರನೆಯ ಸಾಲಿನ ತುದಿಯಲ್ಲಿ ಕುಳಿತಿದ್ದಾಳೆ, ಕೆಮ್ಮು ಬಂದರೆ ಎದ್ದುಹೋಗಲು ಅನುಕೂಲವೆಂದು. ಹೆಂಡತಿಗೆಂದು ನಿಯಮ ಸಡಿಲಿಸಿದರೆ ಜನ ಆಡಿಕೊಳ್ಳುತ್ತಾರೆ ಎಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಅವಳು ವಾರ್ಡಿನಲ್ಲಿ ಮಲಗಿದ್ದಾಗ ಒಂದೇ ಮಾತು ಕೇಳಿದಳು: "ಪೆಟ್ಟಿಗೆಗಳ ಬೀಗದಕೈ ನಿಮ್ಮ ಜೇಬಲ್ಲೇ ಇತ್ತಲ್ಲಾ ರೀ?"

ನಾನು ನಿಯಮ ವಿವರಿಸಿದೆ. ಹೌದು ಸ್ವಾಮಿ, ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡವಳಿಗೆ ನಿಯಮ ಹದಿನಾಲ್ಕು, ಉಪನಿಯಮ ಎರಡು. ಆಮೇಲೆ ಅವಳು ಆ ವಿಷಯ ಎತ್ತಲಿಲ್ಲ. ಆ ವರ್ಷ ನಮಗೆ ಪೂರ್ತಿ ಅನುದಾನ ಬಂತು.

ಇಂದು ಬೆಳಿಗ್ಗೆ ನಲವತ್ತೂ ಸೀಲು ಕತ್ತರಿಸಿ ದಾದಿಯರನ್ನೆಲ್ಲ ಕರೆದೆ. ಒಬ್ಬಳು ಮುಖವಾಡವನ್ನು ತಲೆಕೆಳಗಾಗಿ ತೊಟ್ಟಳು, ಎಲ್ಲರೂ ನಕ್ಕರು. ಮುಖವಾಡಗಳು ಹೊಚ್ಚಹೊಸದಾಗಿಯೇ ಇದ್ದವು, ಬಳಕೆಯ ಅವಧಿ ಇನ್ನೂ ಮುಗಿದಿರಲಿಲ್ಲ. ಅಂದರೆ ಅವತ್ತೂ ಕೆಲಸಕ್ಕೆ ಬರುತ್ತಿದ್ದವು. ಬಡಗಿಯನ್ನು ಕರೆಸಿ ಪೆಟ್ಟಿಗೆಗಳಿದ್ದ ಕೋಣೆಯ ಬಾಗಿಲನ್ನೇ ಕಳಚಿಸಿದೆ. ಮುಖ್ಯ ಅತಿಥಿಗಳೇ, ನನ್ನ ಮೇಲೆ ಏನು ಬೇಕಾದರೂ ಕ್ರಮ ಕೈಗೊಳ್ಳಿ. ಆದರೆ ಮುಂದಿನ ತಪಾಸಣೆಯವರು ಸೀಲು ಎಣಿಸುವುದು ಬೇಡ. ಒಬ್ಬ ದಾದಿಯ ಕೈಗೆ ಮುಖವಾಡ ಕೊಟ್ಟು, ತೊಡಲು ಎಷ್ಟು ನಿಮಿಷ ಹಿಡಿಯಿತೆಂದು ನೋಡಲಿ.

ಬಾಗಿಲು ಕಳಚಿಸಿದ್ದನ್ನು ಹೆಂಡತಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಕೆಮ್ಮಿದಳು. ಆಮೇಲೆ ಅಂದಳು: "ಅವತ್ತು ನಾನು ಬಂದಾಗಲೂ ಆ ಬಾಗಿಲು ತೆಗೆದೇ ಇತ್ತು ರೀ. ಅಡ್ಡ ನಿಂತಿದ್ದು ನೀವು."

ಅಧ್ಯಕ್ಷರೇ, ಇದಕ್ಕೆ ನನ್ನಲ್ಲಿ ಉಪನಿಯಮವಿಲ್ಲ. ನಿಮ್ಮೆಲ್ಲರ ಎದುರು ಅವಳ ಕ್ಷಮೆ ಕೇಳುತ್ತೇನೆ. ಇಷ್ಟು ಹೊತ್ತು ಕೇಳಿದ ನಿಮಗೆ ವಂದನೆ. ನಮಸ್ಕಾರ.