ಒಂಬತ್ತು ಸೆಕೆಂಡು ಅಲಗು ಎತ್ತಿದ್ದಕ್ಕೆ

...ಅಲ್ಲ ಮಾರಾಯ, ಕೂತ್ಕೋ ಮೊದಲು! ಬೂಟಿನ ಹಿಮ ಕರಗಿದ್ರೆ ಕರಗಲಿ ಬಿಡು. ಇದೇನು ನಮ್ಮಪ್ಪನ ಮನೆಯಾ? ಊರ ರಸ್ತೆ ಇಲಾಖೆ ಷೆಡ್ಡು. ಕಾಫಿ ಹಾಕ್ಲಾ? ...ಬೇಡ್ವಾ? ಟಾಯ್ಮಿ ನಿಯೆಮಿ ಕಾಫಿ ಬೇಡ ಅಂದ ಅಂದ್ರೆ ಸುದ್ದಿ ಆಗ್ಲೇ ಮುಟ್ಟಿದೆ ಅಂತ ಅರ್ಥ.

ಮುಟ್ಟಿದೆ ತಾನೆ? ...ತಲೆ ಆಡಿಸ್ಬೇಡ, ಬಾಯಿ ಬಿಟ್ಟು ಹೇಳು. ...ಆಯ್ತು, ನಾನೇ ಹೇಳ್ತೀನಿ. ನಿನ್ನ ಬಾಯಿಂದ ಒಂದು ಮಾತು ಹೊರಡೋಷ್ಟರಲ್ಲಿ ಮೇ ತಿಂಗಳು ಬಂದು ಹಿಮವೆಲ್ಲ ನೀರಾಗಿರುತ್ತೆ.

ದೂರು ಬಂದಿದೆ. ಬೋಡ್ರಿ ಬರೆದಿದಾನೆ. ಇನ್ಯಾರು ಬರೀತಾರೆ! ಟ್ಯಾಮರಾಕ್ ಬೀದಿಯ ಆ ಕ್ಲೆಮೆನ್ಸ್ ಬೋಡ್ರಿ. ಹೋದ ವರ್ಷ ನಾವು ಹಿಮ ಕರಗೋಕೆ ರಸ್ತೆಗೆ ಉಪ್ಪು ಜಾಸ್ತಿ ಹಾಕಿದ್ವಿ, ಅವನ ನಾಯಿ ಪಾದ ಉರೀತು ಅಂತ ಬರೆದ. ಅದರ ಹಿಂದಿನ ವರ್ಷ ಉಪ್ಪು ಕಮ್ಮಿ ಹಾಕಿದ್ವಿ, ತಾನೇ ಜಾರಿ ಬಿದ್ದೆ ಅಂತ ಬರೆದ. ...ನಗ್ಬೇಡ ನಗ್ಬೇಡ! ಈ ಸಲ ಫೋಟೋ ಇಟ್ಟಿದಾನೆ. ಮೂರು ಫೋಟೋ.

ಕೇಳು. "ಸನ್ಮಾನ್ಯ ರಸ್ತೆ ಸೂಪರಿಂಟೆಂಡೆಂಟ್ ಆರ್ವೋ ಹಕಲಾ ಅವರಿಗೆ"... ಸನ್ಮಾನ್ಯ ಅಂತೆ! ಎದುರಿಗೆ ಸಿಕ್ಕಿದ್ರೆ ಮುದಿ ಕರಡಿ ಅಂತಾನೆ. "ನಿಮ್ಮ ನಾಲ್ಕನೇ ನಂಬರ್ ಲಾರಿ ಹಿಮ ತಳ್ಳಿಕೊಂಡು ಹೋದ ಮೇಲೆ ನಮ್ಮ ಬೀದಿಯ ಹದಿನಾಲ್ಕು ಮನೆಗಳ ಬಾಯಿಗೆ ಅಡ್ಡಲಾಗಿ ಸೊಂಟದೆತ್ತರ ಹಿಮದ ಬದು ಬಿದ್ದಿರುತ್ತದೆ. ಕಾರು ತೆಗೆಯಬೇಕಾದರೆ ಒಂದು ಗಂಟೆ ಸಲಿಕೆ ಹಿಡಿಯಬೇಕು. ಹದಿನೈದನೇ ಮನೆ ಮುಂದೆ ಮಾತ್ರ ಒಂದು ಹಿಡಿ ಹಿಮವೂ ಇಲ್ಲ. ಜನವರಿ ಆರು, ಹದಿನೇಳು, ಇಪ್ಪತ್ತೊಂಬತ್ತು. ಇದೇನು ಪವಾಡವೇ?"

ಪವಾಡವೇ ಅಂತೆ. ನಾಲಗೆ ನೋಡು ಅವನದು.

ಹದಿನೈದನೇ ಮನೆ ಯಾರದ್ದು? ...ಚಾವಣಿ ಯಾಕೆ ನೋಡ್ತೀಯ, ಅಲ್ಲೇನು ಬರೆದಿಲ್ಲ. ಐಲಿದು! ಐಲಿ ರುಯೋನಾದು! ಬೇರೆ ಯಾರ ಮನೆ ಆಗಿದ್ರೂ ಹೇಗೋ ಮುಚ್ಚಿ ಹಾಕ್ತಿದ್ದೆ. ಊರ ಕೌನ್ಸಿಲ್ಲಿನ ಗುಮಾಸ್ತೆ ಮನೆ ಮುಂದೇನೇ ನಮ್ಮ ಲಾರಿ ಹಿಮ ತಳ್ಳೋ ಅಲಗು ಎತ್ತಿಕೊಂಡು ಹೋಗಿದೆ ಅಂದ್ರೆ ಜನ ಏನಂತಾರೆ ಹೇಳು.

ನಮ್ಮ ಕೆಲಸಕ್ಕೆ ಇರೋದು ಒಂದೇ ಕಟ್ಟಳೆ ಕಣೋ. ಬೀದಿ ಶುರುವಲ್ಲಿ ಇಳಿಸಿದ ಅಲಗನ್ನ ಬೀದಿ ಮುಗಿಯೋ ತನಕ ಎತ್ತಬಾರದು. ಒಬ್ಬರಿಗೆ ಎತ್ತಿದ್ರೆ ನಾಳೆ ಇಡೀ ಊರು ಬಂದು ಬಾಗಿಲು ಬಡಿಯುತ್ತೆ. ನಮ್ಮಮ್ಮನ ಮನೆ ಬಾಯಿಗೇ ಮೂವತ್ತು ವರ್ಷ ಬದು ಹಾಕಿದೀನಿ ನಾನು! ಲಾರಿ ಹೋಗ್ತಿದ್ರೆ ಕಿಟಕಿಯಿಂದ ಸೌಟು ತೋರಿಸಿ ಬೈಯೋಳು. ನಾನು ಕೈ ಬೀಸಿ ಮುಂದೆ ಹೋಗ್ತಿದ್ದೆ.

ಬೋಡ್ರಿ ಒಬ್ಬನೇ ಆಗಿದ್ರೆ ಪರವಾಗಿರಲಿಲ್ಲ. ಲಾರಿಯೊಳಗೆ ಕೂರಿಸಿದಾರಲ್ಲ, ಆ ಕರೀ ಪೆಟ್ಟಿಗೆ, ಅದೂ ಚಾಡಿ ಹೇಳಿಬಿಟ್ಟಿದೆ. ಹದಿನೈದನೇ ಮನೆ ಮುಂದೆ ಒಂಬತ್ತು ಸೆಕೆಂಡು ಅಲಗು ಮೇಲಿತ್ತು ಅಂತ. ಮೂರು ಸಲವೂ ಒಂಬತ್ತೇ! ಎತ್ತಿದ್ದು ಯಾರು ಅಂತ ಪೆಟ್ಟಿಗೆಗೆ ಗೊತ್ತಿಲ್ಲ, ಅದಕ್ಕೆ ಗೊತ್ತಿರೋದು ಲಾರಿ ನಂಬರ್ ಮಾತ್ರ. ನಾಲ್ಕನೇ ಲಾರಿ ಅಂದ್ರೆ ಈ ಊರಲ್ಲಿ ನೀನು. ಹತ್ತೊಂಬತ್ತು ವರ್ಷದಿಂದ ನೀನೇ.

ಇವತ್ತು ನಾಲ್ಕು ಗಂಟೆಗೆ ಕೌನ್ಸಿಲ್ ಕೂರುತ್ತೆ. ತಪ್ಪು ನಿಂದು ಅಂತಾದ್ರೆ ಲಾರಿ ಕೈ ಬಿಟ್ಟು ಹೋಗುತ್ತೆ, ಟಾಯ್ಮಿ. ಚಳಿಗಾಲ ಮುಗಿಯೋ ತನಕ ಸಲಿಕೆ ಹಿಡ್ಕೊಂಡು ಬೀದಿ ಬೀದಿ ಅಲೀಬೇಕು, ಹಿಮದಲ್ಲಿ ಹೂತುಹೋದ ಬೆಂಕಿ ಆರಿಸೋ ನೀರಿನ ಕೊಳಾಯಿ ಅಗೆಯೋಕೆ. ಲಾರಿ ಆ ಹೊಸಬನ ಕೈಗೆ. ಗೇರು ಹಾಕಿದ್ರೆ ಹಂದಿ ಕಿರಿಚಿದ ಹಾಗೆ ಶಬ್ದ ಮಾಡ್ತಾನಲ್ಲ, ಅವನ ಕೈಗೆ! ...ನೋಡಿದ್ಯಾ, ಈಗ ಮುಖ ಬಾಡಿತು.

ಹೆದರ್ಕೋಬೇಡ. ನಾನು ಒಂದು ದಾರಿ ಹುಡುಕಿದೀನಿ. ಈ ಫಾರಂ ನೋಡು. ಎಲ್ಲ ಬರೆದಿಟ್ಟಿದೀನಿ, ನೀನು ಸೈನ್ ಹಾಕಿದ್ರೆ ಮುಗೀತು. "ಅಲಗಿನ ಎಣ್ಣೆ ಪೈಪು ಸೋರುತ್ತಿದ್ದ ಕಾರಣ ಅಲಗು ತಾನಾಗಿಯೇ ಎದ್ದಿತು." ...ಏನು? ...ಯಾಕೆ ಹಾಗೆ ಹುಬ್ಬು ಗಂಟು ಹಾಕ್ತೀಯ? ...ಗೊತ್ತಪ್ಪ, ನಿನ್ನ ಲಾರಿ ಪೈಪು ಸೋರಲ್ಲ! ಹೆಂಡ್ತಿ ಹುಟ್ಟಿದ ದಿನ ಮರೆತ್ರೂ ಲಾರಿಗೆ ಗ್ರೀಸು ಹಾಕೋದು ಮರೆಯೋನಲ್ಲ ನೀನು. ಒಂದು ಸಣ್ಣ ಸುಳ್ಳು, ಅಷ್ಟೇ. ...ಹಾಂ, ಅದೂ ನಿಜ. ಆ ಪೈಪು ಐಲಿ ಮನೆ ಮುಂದೆ ಮಾತ್ರ ಯಾಕೆ ಸೋರಿತು ಅಂತ ಕೇಳೇ ಕೇಳ್ತಾರೆ. ಥತ್.

ಹಾಗಾದ್ರೆ ಕನಿಕರ ಅಂತ ಹೇಳೋಣ. ಒಂಟಿ ಹೆಂಗಸು, ಗಂಡ ತೀರಿಕೊಂಡು ಆರು ವರ್ಷ. ಎಡ ಭುಜ ಬೇರೆ ಹಾಗೆ. ...ಬಲ ಅಲ್ಲ, ಎಡ. ಹೋದ ಮಾರ್ಚಿನಲ್ಲಿ ಆ ಬದು ಅಗೆಯೋಕೆ ಹೋಗಿ ಕೀಲು ತಪ್ಪಿತು. ಚಳಿ ಜಾಸ್ತಿ ಇದ್ದ ದಿನ ಫೈಲು ಕೊಡೋವಾಗ ಎಡಗೈ ಮೇಲೇಳಲ್ಲ, ಬಲಗೈಲಿ ಕೊಡ್ತಾಳೆ, ಕೊಟ್ಟು ನಗ್ತಾಳೆ, ಏನೂ ಆಗಿಲ್ಲ ಅನ್ನೋ ಹಾಗೆ... ನನಗೆ ಹೇಗೆ ಗೊತ್ತು ಅಂದ್ರೆ? ಊರಿಗೇ ಗೊತ್ತು! ಕಣ್ಣಿದ್ದೋರಿಗೆಲ್ಲ ಗೊತ್ತಾಗುತ್ತೆ! ...ಅಲ್ಲ, ನೀನು ಕೇಳಲೇ ಇಲ್ಲ, ನಾನ್ಯಾಕೆ ಉತ್ತರ ಕೊಡ್ತಿದೀನಿ?

ಇರಲಿ. ಫೋಟೋ ನೋಡು ನೀನು. ಬೋಡ್ರಿ ಎಷ್ಟೇ ಹೊಟ್ಟೆಕಿಚ್ಚಿನೋನಾದ್ರೂ ಫೋಟೋ ಮಾತ್ರ ಚೆನ್ನಾಗಿ ತೆಗೆದಿದಾನೆ. ಈ ಕೆಲಸ ನೋಡು! ಸುಮ್ನೆ ಅಲಗು ಎತ್ತಿದ್ರೆ ಆಗಲ್ಲ, ಎತ್ತಿದ ತಕ್ಷಣ ಅದರಲ್ಲಿರೋ ಹಿಮವೆಲ್ಲ ದೊಪ್ಪಂತ ಅಲ್ಲೇ ಬೀಳುತ್ತೆ. ಪಕ್ಕದ ಮನೆ ಅಂಚೆ ಡಬ್ಬ ಬರೋಕೆ ಮುಂಚೇನೇ ಅಲಗು ಓರೆ ಮಾಡಿ ಹೊರೆ ಇಳಿಸಿಬಿಡ್ಬೇಕು. ಆಮೇಲೆ ಖಾಲಿ ಅಲಗು ಮೆಲ್ಲಗೆ ಎತ್ತಿ, ಆಕ್ಸಿಲರೇಟರ್ ಮೇಲಿನ ಕಾಲು ಸಡಿಲಬಿಟ್ಟು, ತೇಲಿಸ್ಕೊಂಡು ಹೋಗಿ, ಆಚೆ ಅಂಚಲ್ಲಿ ಅಂಗೈಯಗಲ ಬಿಟ್ಟು ಇಳಿಸ್ಬೇಕು. ರಸ್ತೆ ಮೇಲೆ ಒಂದು ಗೀರಿಲ್ಲ! ಕೊನೇಲಿ ಎಡಕ್ಕೊಂದು ಕೊಕ್ಕೆ ತಿರುವಿದೆ ನೋಡು, ಇದು ಎಡಗಡೆ ಇನ್ನೊಂದು ಅಲಗಿದ್ದ ಹಳೇ ಲಾರಿ ಕಾಲದ ಕೈಚಳಕ. ಈಗಿನೋರಿಗೆ ಬರುತ್ತಾ ಇದು? ನಿನಗೆ ಎಷ್ಟು ಸಲ ಹೇಳಿಕೊಟ್ಟೆ, ಬಂತಾ? ನೀನು ಎತ್ತಿದ್ರೆ ಆ ಅಂಚೆ ಡಬ್ಬ ಇಷ್ಟು ಹೊತ್ತಿಗೆ ಕೆರೆಲಿ ಇರ್ತಿತ್ತು! ಈ ಷೆಡ್ಡಲ್ಲಿ ಇದನ್ನ ಮಾಡೋ ಗಂಡಸು ಅಂದ್ರೆ...

...ಅಂದ್ರೆ...

ಯಾಕೋ ನಗ್ತಿದೀಯ?

ಏಯ್. ನಾನು ಹೇಳಿದ್ದು ಬರೀ ಕೆಲಸದ ವಿಷಯ. ಅಂದ ಮಾತ್ರಕ್ಕೆ... ತಾರೀಖು ಮೇಲೆ ಯಾಕೆ ಬೆರಳಿಡ್ತೀಯ? ಆರನೇ ತಾರೀಖು ನಿನಗೆ ಹದಿನಾರು ಗಂಟೆ ಕೆಲಸ ತುಂಬಿತ್ತು, ಕಾನೂನು ಪ್ರಕಾರ ಮಲಗೋಕೆ ಕಳಿಸಿದೆ. ಲಾರಿ ನಿಲ್ಲಿಸೋಕಾಗುತ್ತಾ? ಯಾರಾದ್ರೂ ಹತ್ತಲೇಬೇಕು. ಹದಿನೇಳೂ ಹಾಗೇ. ಇಪ್ಪತ್ತೊಂಬತ್ತು... ಆವತ್ತು ನಿನಗೆ ಹನ್ನೊಂದೇ ಗಂಟೆ ಕೆಲಸ ಆಗಿತ್ತು, ಒಪ್ಕೋತೀನಿ. ಆದ್ರೆ ನಿನ್ನ ಕಣ್ಣು ಕೆಂಪಗಿತ್ತು ಕಣೋ! ನಿನ್ನ ಒಳ್ಳೇದಕ್ಕೇ...

ಮಾತಾಡು. ಬೈಯಾದ್ರೂ ಬೈ. ಹೀಗೆ ಕೂತ್ಕೊಂಡು ನನ್ನೇ ದಿಟ್ಟಿಸ್ಬೇಡ.

ಫಾರಂ ಯಾಕೆ ಹತ್ರ ಎಳ್ಕೊಂಡೆ? ...ಪೆನ್ನು ಯಾಕೆ? ...ಟಾಯ್ಮಿ. ಏಯ್ ಟಾಯ್ಮಿ! ಸೈನ್ ಹಾಕ್ತಿದೀಯಾ? ನಿಜವಾಗ್ಲೂ ಹಾಕ್ತಿದೀಯಾ? ಸೋರದ ಪೈಪು ಸೋರಿತು ಅಂತ, ನೀನು? ಯಾರೂ ನಂಬಲ್ಲ, ಲಾರಿ ಹೋಗುತ್ತೆ ಅಂತ ಗೊತ್ತಿದ್ದೂ? ...ನಿಲ್ಸು! ಕೊಡು ಇಲ್ಲಿ! ಕೊಡೋ ಅಂದ್ರೆ!

...ಎತ್ತಿದ್ದು ನಾನೇ ಅಂತ ನಿನಗೆ ಮೊದಲಿಂದಲೂ ಗೊತ್ತಿತ್ತು. ಅಲ್ವಾ?

ಛೆ. ಎಂಥ ಮನುಷ್ಯ ನಾನು. ನಿನ್ನ ಕೂರಿಸ್ಕೊಂಡು ಇಷ್ಟು ಹೊತ್ತು ನಾಟಕ ಆಡಿದೆ. ನಾಚಿಕೆ ಆಗ್ತಿದೆ ಕಣೋ ನನಗೆ.

ಪೂರ್ತಿ ಹೇಳಿಬಿಡ್ತೀನಿ ಕೇಳು. ಮೊದಲನೇ ಸಲ ಎತ್ತಿದಾಗ ಇದೊಂದೇ ಸಲ ಅಂದ್ಕೊಂಡೆ. ಮಾರನೇ ದಿನ ಅವಳ ಅಂಚೆ ಡಬ್ಬದ ಮೇಲೆ ಟವಲಲ್ಲಿ ಸುತ್ತಿದ ಏಲಕ್ಕಿ ಬ್ರೆಡ್ಡು. ಚೀಟಿ ಬೇರೆ, "ನಾಲ್ಕನೇ ಲಾರಿಯವರಿಗೆ" ಅಂತ. ನಿನಗೆ ಅಂತ ಇಟ್ಟಿದ್ದು ಅದು! ನಾನು ತಿಂದೆ. ಮೂರು ಸಲ ಇಟ್ಲು, ಮೂರೂ ನಾನೇ ತಿಂದೆ. ಟವಲು ಮೂರೂ ಒಗೆದು ಮಡಿಸಿ ಇಟ್ಟಿದೀನಿ, ವಾಪಸು ಕೊಡೋಕೆ ಧೈರ್ಯ ಇಲ್ಲ. ಮೊನ್ನೆ ನನ್ನ ಹತ್ರಾನೇ ಬಂದು ನಿನ್ನ ಹೊಗಳ್ತಾಳೆ, ಟಾಯ್ಮಿ ಎಷ್ಟು ಒಳ್ಳೆಯೋನು ಅಂತ. ನಾನು ಹೂಂ ಹೂಂ ಅಂದೆ. ಹೊಟ್ಟೆ ಉರಿದುಹೋಯ್ತು, ಆದ್ರೂ ಹೂಂ ಅಂದೆ!

ಕೆಲಸ ಹೋಗುತ್ತೆ ಅಂತ ಹೆದರಿಕೆ ಅಲ್ಲ ನನಗೆ. ಫಾರಂನಲ್ಲಿ ಏನು ಬರೆದ್ರೂ ಕೌನ್ಸಿಲ್ಲಲ್ಲಿ ಗಟ್ಟಿಯಾಗಿ ಓದೋದು ಯಾರು? ಗುಮಾಸ್ತೆ. ಅವಳೇ! ನನ್ನ ಹೆಸರು ಬರೆದ್ರೆ ಊರಿಗೆಲ್ಲ ಕೇಳೋ ಹಾಗೆ ಅವಳೇ ಓದ್ಬೇಕು. ಅರವತ್ತೊಂದು ವರ್ಷಕ್ಕೆ, ಬೋಡ್ರಿ ಮುಂದೆ! ಅವಳು ನಕ್ಕುಬಿಟ್ರೆ? ಕನಿಕರ ಪಟ್ರೆ? ಅದು ಇನ್ನೂ ಕಷ್ಟ.

ಆಯ್ತು. ಇನ್ನೊಂದು ಫಾರಂ ತಗೋತೀನಿ. "ಅಲಗು ಎತ್ತಿದವರು: ಆರ್ವೋ ಹಕಲಾ." ನೋಡು, ಬರೆದೆ. ಲಾರಿ ನಿನ್ನದೇ. ಕೊಳಾಯಿ ಅಗೆಯೋದು ಈ ಮುದಿ ಕರಡಿ. "ಕಾರಣ"... ಕಾರಣಕ್ಕೆ ಏನು ಬರೀಲಿ? ಕೈ ತಪ್ಪಿ ಅಂತ? ...ಮೂರು ಸಲ ಕೈ ತಪ್ಪಲ್ಲ, ಸರಿ. ಮಾನವೀಯತೆ ಅಂತ? ...ಹಾಗೆ ನೋಡ್ಬೇಡ ಕಣೋ. ಒಂದು ಮಾತು ಹೇಳು, ನೀನು ಹೇಳಿದ್ದನ್ನೇ ಬರೀತೀನಿ. ...ಒಂದೇ ಮಾತು. ...ಹೇಳಲ್ಲ.

ಬರೆದೆ. ಓದ್ತೀನಿ ಕೇಳು. "ಐಲಿ ಸಲಿಕೆ ಹಿಡಿಯೋದು ನನಗೆ ನೋಡೋಕಾಗಲ್ಲ. ಇದನ್ನ ಎಷ್ಟೋ ದಿನದಿಂದ ಅವಳಿಗೆ ಹೇಳ್ಬೇಕು ಅಂತಿದ್ದೆ."

ಜಾಸ್ತಿ ಆಯ್ತಾ? ...ಎರಡನೇ ಸಾಲು ಹೊಡೆದು ಹಾಕ್ಲಾ? ...ಟಾಯ್ಮಿ?

...ಸರಿ, ಇರಲಿ ಬಿಡು. ಆ ಕೋಟು ಕೊಡು ಇತ್ತ. ನಾಲ್ಕಕ್ಕೆ ಇನ್ನೂ ಅರ್ಧ ಗಂಟೆ ಇದೆ. ಅವಳು ಅಷ್ಟು ಜನರ ಮುಂದೆ ಓದೋಕೆ ಮುಂಚೆ ಆ ಎರಡು ಸಾಲೂ ನಾನೇ ಹೋಗಿ ಅವಳಿಗೆ ಹೇಳಿಬಿಡ್ತೀನಿ.