ಕೋಟೆಯ ಬೀಗದ ಕೈ

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಗಂಡ ಹೆಂಡತಿ ಕೂತಿದ್ದರು. ಇಬ್ಬರ ನಡುವೆ ಕೆಸರು ಮೆತ್ತಿದ ಎರಡು ಜೊತೆ ಬೂಟುಗಳಿದ್ದವು.

“ನಾಳೆಯಿಂದ ಮತ್ತೆ ಕೆಲಸ. ಎರಡು ದಿನ ರಜಾ ಹಾಕಿ ಬಂದು ಏನ್ರೀ ನೋಡಿದ್ವಿ? ಕೋಟೆ ಬಾಗಿಲಿನ ಬೀಗ!”

“ಜಲಪಾತ ನೋಡಿದ್ವಲ್ಲೇ.”

“ಅದು ಊರಿನ ನೀರಿನ ಪೈಪು ಒಡೆದಿದ್ದು ರೀ.”

“ಫೋನಿನ ಮ್ಯಾಪಲ್ಲಿ ಜಲಪಾತ ಅಲ್ಲೇ ಅಂತ ತೋರಿಸ್ತು.”

“ಯಾರನ್ನಾದ್ರೂ ಕೇಳೋಣ ಅಂತ ಬಡ್ಕೊಂಡೆ. ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

“ಬೀಗದ ಕೈ ಇರೋನು ಊರಲ್ಲಿಲ್ಲ ಅಂದ್ರು ಲಾಡ್ಜಿನವರು. ನಾನೇನು ಮಾಡ್ಲಿ ಹೇಳು?”

“ಎಲ್ಲಿಗೆ ಹೋಗಿದಾನೆ ಅಂತ ಕೇಳಿದ್ರಾ?”

ಗಂಡ ಜೇಬಿನಿಂದ ಫೋನು ತೆಗೆದು ನೋಡತೊಡಗಿದ. ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರು ಇಳಿದವನೇ ಇಬ್ಬರನ್ನೂ ಗುರುತು ಹಿಡಿದ.

“ಮೊನ್ನೆ ನಮ್ಮ ಬಸ್ಸಲ್ಲೇ ಬಂದ್ರಲ್ವಾ? ಕೋಟೆ ನೋಡಿದ್ರಾ ಸಾರ್?”

“ಎಲ್ಲಿ ಸ್ವಾಮಿ, ಬೀಗ ಹಾಕಿತ್ತು.”

“ಅಯ್ಯೋ, ಬೀಗದ ಕೈ ನನ್ನ ಹತ್ರಾನೇ ಇರೋದು!” ಕಂಡಕ್ಟರು ಟಿಕೆಟ್ ಚೀಲದಿಂದ ಗೇಣುದ್ದದ ಕೀ ತೆಗೆದು ತೋರಿಸಿದ. “ಅವತ್ತೇ ಒಂದು ಮಾತು ಕೇಳಿದ್ದಿದ್ರೆ ಕೊಟ್ಟುಬಿಡ್ತಿದ್ದೆ.”

ಹೆಂಡತಿ ತನ್ನ ಬೂಟುಗಳನ್ನಷ್ಟೇ ಎತ್ತಿಕೊಂಡು ಬಸ್ಸು ಹತ್ತಿದಳು. ಮೆಟ್ಟಿಲ ಮೇಲೆ ತಿರುಗಿ ನಿಂತಳು.

“ಸೀಟು ಎಲ್ಲಿ ಖಾಲಿ ಇದೆ ಅಂತ ಫೋನಲ್ಲಿ ನೋಡ್ಕೊಂಡು ಬನ್ನಿ.”