ಗಾಜಿನ ಪೆಟ್ಟಿಗೆಯಲ್ಲಿಟ್ಟ ಪೂಲ್ ಕೋಲು ಯಾರ ಕೈಕೆಲಸ ಎಂಬ ಬಗ್ಗೆ ದೂರುದಾರಳ ಹೇಳಿಕೆ

ಬೀದಿಯವರೆಲ್ಲ ಲೇತ್ ಅಜ್ಜಿ ಎಂದು ಕರೆಯುವ ನಾನು, ವಯಸ್ಸು 65 ವರ್ಷ, ಓದು ಮೂರನೇ ಕ್ಲಾಸು, ಕೆಲಸ ಮರದ ಸಾಮಾನಿಗೆ ಪಾಲಿಶ್ ಹಾಕುವುದು, ವಾಸ ಮರದ ಡಿಪೋ ಹಿಂದಿನ ಎರಡನೇ ಅಡ್ಡರಸ್ತೆ, ಮನೆ ನಂಬರ್ 14. ಈ ದಿನ ಮಧ್ಯಾಹ್ನ 2-30 ಗಂಟೆಗೆ ಠಾಣೆಗೆ ಬಂದು ಈ ಮೂಲಕ ಬರೆಸುವುದೇನೆಂದರೆ:

ನನ್ನ ಯಜಮಾನರು ಮರ, ಹಿತ್ತಾಳೆ ಕಡೆಯುವ ಲೇತ್ ಯಂತ್ರದ ಕೆಲಸದವರು, ಮೇಜಿನ ಮೇಲೆ ಚೆಂಡು ಹೊಡೆಯುವ ಪೂಲ್ ಆಟದ ಕೋಲು, ನಡುವೆ ತಿರುಪು ಹಾಕಿ ಎರಡು ತುಂಡು ಜೋಡಿಸುವಂಥದ್ದು, ಮಾಡುತ್ತಿದ್ದರು. ಅವರು ತೀರಿಕೊಂಡು ಮೂರು ವರ್ಷ ಎರಡು ತಿಂಗಳಾಯಿತು. ತೀರಿಕೊಂಡ ನಾಲ್ಕನೇ ದಿನ ಬೆಳಿಗ್ಗೆ 9 ಗಂಟೆಗೆ ನನ್ನ ಮೈದುನ ಮನೆಗೆ ಬಂದು, ಅತ್ತಿಗೆ, ಅಣ್ಣನ ನೆನಪಿಗೆ ಒಂದು ಆಟ ಆಡಿ ತಂದುಕೊಡ್ತೀನಿ ಎಂದು ಹೇಳಿ ಬಾಗಿಲ ಹಿಂದಿದ್ದ ಯಜಮಾನರ ಕೋಲನ್ನು ಒಯ್ದನು. ಆ ಆಟ ಇನ್ನೂ ಮುಗಿದಿಲ್ಲ.

ಮುಂದಿನ ತಿಂಗಳು ಅದನ್ನು ತಾನು ನಡೆಸುವ ಪೂಲ್ ಹಾಲ್‌ನ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಇಪ್ಪತ್ತೈದು ವರ್ಷದ ಹಿಂದೆ ಮಾಲೀಕರೇ ಮಾಡಿದ ಕೈಕೆಲಸ ಎಂದು ಬೋರ್ಡು ಹಾಕಿದನು. ಅವನ ಕೈ ಕಂಡ ಕೆಲಸವೆಂದರೆ ತಟ್ಟೆಯಿಂದ ಬಾಯಿಗೆ ಹೋಗುವುದೊಂದೇ. ಆಗಲೇ ಯಾಕೆ ದೂರು ಕೊಡಲಿಲ್ಲ ಎಂದು ಸಾಹೇಬರು ಕೇಳಿದ್ದಾರೆ. ಮನೆಯಲ್ಲಿ ಕೇಳಿದ್ದರೆ ಮನೆಯಲ್ಲೇ ಕೊಟ್ಟುಬಿಡುತ್ತಿದ್ದನು. ಹಾಲ್ ತುಂಬ ಜನ ಸೇರಲಿ, ಎಲ್ಲರೆದುರೇ ಕೇಳೋಣ ಎಂದು ಹಲ್ಲು ಕಚ್ಚಿಕೊಂಡು ಕಾದೆನು.

ಇಂದು ಬೆಳಿಗ್ಗೆ 11 ಗಂಟೆಗೆ, ಹಳೇ ಕೋಲು ನೋಡಿ ಮಾಡಿದವರು ಯಾರು, ಎಷ್ಟು ವರ್ಷದ್ದು ಎಂದು ಬರೆದುಕೊಡುವ ಪರೀಕ್ಷಕರು ಬರುತ್ತಾರೆಂದು ತಿಳಿದು ಅಲ್ಲಿಗೆ ಹೋದೆನು. ಸುಮಾರು ನಲವತ್ತು ಜನ ಸೇರಿದ್ದರು. ನಾನು ಪೆಟ್ಟಿಗೆಯಿಂದ ಆರು ಅಡಿ ದೂರದಲ್ಲಿ ನಿಂತೆನು. ಪರೀಕ್ಷಕರು ಮರ ಮತ್ತು ಪಾಲಿಶ್ ನೋಡಿ, ಬೋರ್ಡಿನಲ್ಲಿ ಬರೆದಿದ್ದಕ್ಕಿಂತ ಹಳೇದು ಅನಿಸುತ್ತೆ, ಬಿಚ್ಚಿ ಕೊಡಿ, ಒಳಗಿನ ತಿರುಪು ನೋಡಬೇಕು ಎಂದರು. ಮೈದುನನು, ತುಕ್ಕು ಹಿಡಿದಿದೆ, ಬಿಚ್ಚೋಕೆ ಬರಲ್ಲ ಎಂದನು. ಹಿತ್ತಾಳೆಗೆ ಎಲ್ಲಿಯ ತುಕ್ಕೋ ಮಾರಾಯ, ಹೆತ್ತವನಿಗೆ ಮಗು ಎತ್ತಿಕೊಳ್ಳೋಕೆ ಬರಲ್ವಾ, ತಿರುಗಿಸು ಎಂದು ನಾನು ಹೇಳಿದ್ದು ನಿಜ. ಅವನು ಎಲ್ಲರಂತೆ ಎಡಕ್ಕೆ ತಿರುಗಿಸಿದನು. ನಾಲ್ಕು ನಿಮಿಷ ತಿರುಗಿಸಿದನು. ಬೆವರಿದನು. ಬಟ್ಟೆ ಸುತ್ತಿ ತಿರುಗಿಸಿದನು. ತಿರುಪು ಇನ್ನಷ್ಟು ಬಿಗಿಯಾಯಿತು. ನೋಡಿಯೇ ನನ್ನ ಹೊಟ್ಟೆ ತುಂಬಿತು.

ಬಲಕ್ಕೆ ತಿರುಗಿಸಿ ಸ್ವಾಮಿ ಎಂದು ನಾನು ಪರೀಕ್ಷಕರಿಗೆ ಹೇಳಿದೆನು. ಅವರು ರಬ್ಬರ್ ತುಂಡು ಹಿಡಿದು ಬಲಕ್ಕೆ ತಿರುಗಿಸಲು ಬಿಚ್ಚಿಕೊಂಡಿತು. ಕಾರಣವೇನೆಂದರೆ, ನನ್ನ ದೊಡ್ಡ ಮಗಳು ಹುಟ್ಟಿದ ಇಪ್ಪತ್ತೆರಡನೇ ದಿನ ನಾನು ಲೇತಿನ ಹಲ್ಲುಚಕ್ರಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಜೋಡಿಸುವಾಗ, ನಿದ್ದೆಗಣ್ಣಿನಲ್ಲಿ ನಡುವೆ ಒಂದು ಚಕ್ರ ಹೆಚ್ಚಿಗೆ ಸೇರಿಸಿದ್ದೆನು. ಅದರಿಂದ ಯಜಮಾನರು ಆ ದಿನ ಕಡೆದ ಈ ಕೋಲಿನ ತಿರುಪು ಉಲ್ಟಾ ಬಂತು. ಯಜಮಾನರು ಬೈದು, ಹಿತ್ತಾಳೆ ಹಾಳಾಗಬಾರದೆಂದು ಅದು ಕೂರುವ ಜೋಡಿಯನ್ನೂ ಉಲ್ಟಾ ಕಡೆದು, ಈ ಒಂದು ಕೋಲನ್ನು ಮಾರದೆ ಮನೆಯಲ್ಲಿಟ್ಟುಕೊಂಡರು. ತಿರುಪಿನ ಬುಡದಲ್ಲಿ ಅವರು ಮೊಳೆಯಿಂದ ಗೀರಿದ್ದ ತಾರೀಖನ್ನು ಪರೀಕ್ಷಕರು ಭೂತಗನ್ನಡಿ ಹಿಡಿದು ಗಟ್ಟಿಯಾಗಿ ಓದಿದರು. ನಲವತ್ತಮೂರು ವರ್ಷವಾಗಿದೆ. ಆಗ ಮೈದುನನಿಗೆ ಒಂಬತ್ತು ವರ್ಷ. ಈ ಕುಶಲಕರ್ಮಿಯ ಮೂಗು ಒರೆಸುತ್ತಿದ್ದವಳು ನಾನೇ ಎಂದು ನಲವತ್ತು ಜನಕ್ಕೂ ಕೇಳುವಂತೆ ಹೇಳಿದೆನು.

12-10ಕ್ಕೆ ಅವನು ಕೋಲನ್ನು ಕಸಿದು ಬೀರುವಿಗೆ ಹಾಕಿ ಬೀಗ ಜಡಿದನು. ಆಮೇಲೆ ನನ್ನನ್ನು ಹಿಂದಿನ ಕೋಣೆಗೆ ಕರೆದು, ಅತ್ತಿಗೆ, ನೀವು ಅಮ್ಮನ ಸಮಾನ, ಜೈಲಿಗೆ ಕಳಿಸ್ಬೇಡಿ, ಹಾಲ್ ಮುಚ್ಚಿ ಎಲ್ಲಾದರೂ ದೂರ ಹೋಗಿಬಿಡ್ತೀನಿ ಎಂದು ಅತ್ತನು. ಎಲ್ಲಿಗೂ ಹೋಗ್ಬೇಡಪ್ಪ ಎಂದು ಹೇಳಿ, ನಡೆದುಕೊಂಡೇ ಠಾಣೆಗೆ ಬಂದೆನು.

ಆದ್ದರಿಂದ ಕೋಲನ್ನು ನನಗೆ ಕೊಡಿಸಬೇಕು. ಅವನನ್ನು ಜೈಲಿಗೆ ಹಾಕಬಾರದು. ಅಲ್ಲಿ ಅವನ ಗುರುತಿನವರು ಯಾರೂ ಇರುವುದಿಲ್ಲ. ಹಾಲ್ ತೆರೆದಿರಲಿ, ಖಾಲಿ ಪೆಟ್ಟಿಗೆ ಅಲ್ಲೇ ಇರಲಿ, ಪಕ್ಕದಲ್ಲಿ ಅವನು ಕುರ್ಚಿ ಹಾಕಿಕೊಂಡು ಕೂತಿರಲಿ. ಕೋಲು ಎಲ್ಲಿ ಎಂದು ಕೇಳುವವರಿಗೆಲ್ಲ ದಿನಾ ಅವನೇ ಉತ್ತರ ಹೇಳಲಿ.

ಬರೆದುದನ್ನು ಓದಿಸಿ ಕೇಳಿದ್ದೇನೆ. ಇದರಲ್ಲಿ ಒಂದು ಮಾತೂ ಸುಳ್ಳಿಲ್ಲ, ಒಂದನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 17ನೇ ತಾರೀಖು, ಸೋಮವಾರ
ಸಹಿ: ಲೇತ್ ಅಜ್ಜಿ